ನೆಗೆಣ್ಣಿಯ ಗಾಲಿ, ಗೌಂಡಿಯ ಹೊಸ್ತಿಲು

ನಮ್ಮ ಮನೆ ಕಟ್ಟಿದ ಠೇಕೇದಾರ ಮೂರು ಭಾಷೆಗಳಲ್ಲಿ ಸುಳ್ಳು ಹೇಳುತ್ತಿದ್ದ. ಕನ್ನಡದ ಸುಳ್ಳಿನಲ್ಲಿ ಅಂತಃಕರಣ ಇರುತ್ತಿತ್ತು. ನಾಳೆ ನೀವು ಚಹಾಕ್ಕಿಡುವುದರೊಳಗೆ ಬಂದು ಕೂತಿರುತ್ತೇನೆ ಎಂದು ಅವನು ಕನ್ನಡದಲ್ಲಿ ಹೇಳಿದರೆ ನಾನು ನಿಜವಾಗಿಯೂ ಒಂದು ಕಪ್ಪು ಹೆಚ್ಚಿಗೆ ಇಟ್ಟು ಕಾಯುತ್ತಿದ್ದೆ. ಮರಾಠಿಯ ಸುಳ್ಳಿಗೆ ಸರ್ಕಾರಿ ಗತ್ತು. ಮರಳಿನ ಗಾಡಿ ಬಾರದಿದ್ದರೆ, ಕಬ್ಬಿಣ ತಡವಾದರೆ ಅವನು ಮರಾಠಿಗೆ ಹೊರಳುತ್ತಿದ್ದ. ಆ ಭಾಷೆಯಲ್ಲಿ ಕೇಳಿದಾಗ ತಪ್ಪು ಎಲ್ಲೋ ಮೇಲಿನಿಂದ ಸಹಿ, ಸಿಕ್ಕಾ ಬಿದ್ದು ಇಳಿದುಬಂದಂತೆ ಇರುತ್ತಿತ್ತು. ಹಿಂದಿಯ ಸುಳ್ಳು ಫೋನಿನಲ್ಲಿದ್ದವರಿಗೆ ಮೀಸಲು. ಒಂದು ದಿನ ನನ್ನೆದುರಿಗೇ ನಿಂತು ಟೈಲ್ಸ್ ಅಂಗಡಿಯವನಿಗೆ, ಮನೆಯ ಮುದುಕಿ ಸೀರಿಯಸ್ ಇದ್ದಾಳೆ, ಕಣ್ಣು ಮುಚ್ಚುವುದರೊಳಗೆ ನೆಲದ ಫರ್ಶಿ ನೋಡಬೇಕಂತೆ, ಬೇಗ ಕಳಿಸು ಎಂದು ಹಿಂದಿಯಲ್ಲಿ ಗೋಗರೆದ. ಆ ಮುದುಕಿ ನಾನು. ಕೈಯಲ್ಲಿ ಅವನಿಗೆಂದೇ ತಂದ ಚಹಾ ಇತ್ತು.

ನನ್ನ ಪಾಲಿಗೆ ಉಳಿದದ್ದು ಇಂಗ್ಲಿಷು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎಕ್ಸ್‌ಕ್ಯೂಸ್ ಮಿ, ಐ ಬೆಗ್ ಯುವರ್ ಪಾರ್ಡನ್, ವುಡ್ ಯು ಬಿ ಸೋ ಕೈಂಡ್ ಎಂಬುದನ್ನೆಲ್ಲ ಮೊಣಕೈ ಮೇಜಿಗೆ ತಾಗದಂತೆ ಕೂರಿಸಿ ಕಲಿಸಿದ್ದರು. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್ ಮಶೀನಿನವನು ಬಾರದೆ ಹೋದರೆ ಏನು ಅನ್ನಬೇಕೆಂದು ಮಾತ್ರ ಕಲಿಸಿರಲಿಲ್ಲ. ಸಿಟ್ಟು ತಲೆಗೇರಿದಾಗ ನನ್ನ ಬಾಯಿಂದ ಇಂಗ್ಲಿಷೇ ಹೊರಡುತ್ತದೆ, ಅದೂ ಬಹಳ ಸಭ್ಯವಾದ ಇಂಗ್ಲಿಷು. ಕೆಲಸದವರಿಗೆ ಅದು ರೂಢಿಯಾಯಿತು. ಆಯಿ ಇಂಗ್ಲಿಷ್ ಚಾಲೂ ಮಾಡಿದಳು, ಇನ್ನು ಅರ್ಧ ತಾಸು ನಡೆಯುತ್ತದೆ ಎಂದು ಬುಟ್ಟಿ, ಕರಣೆ ಕೆಳಗಿಟ್ಟು ರಸ್ತೆಯ ಆಚೆಯ ಚಹಾದಂಗಡಿಗೆ ನಡೆದುಬಿಡುತ್ತಿದ್ದರು.

ಮನೆ ಇಬ್ಬರು ಮುದುಕಿಯರದು. ಒಬ್ಬಳು ನಾನು. ಇನ್ನೊಬ್ಬಳು ನನ್ನ ನೆಗೆಣ್ಣಿ, ಎಂದರೆ ಗಂಡನ ತಮ್ಮನ ಹೆಂಡತಿ. ಇಬ್ಬರ ಗಂಡಂದಿರೂ ಅಂಗಡಿಯ ಗಾದಿಯ ಮೇಲೆ ಜೀವಮಾನವೆಲ್ಲ ಅಕ್ಕಪಕ್ಕ ಕೂತಿದ್ದು, ಹೋಗುವಾಗಲೂ ಒಬ್ಬರ ಹಿಂದೊಬ್ಬರು ಹೋದರು. ಮರಾಠಿ ಸೀಮೆಯ ಜತ್ತದ ಪೇಟೆಯಲ್ಲಿದ್ದ ಹಳೇ ಮನೆ ಮಕ್ಕಳ ಪಾಲಿಗೆ ಬಂದು ಗೋದಾಮಾಯಿತು. ದಯವಿಟ್ಟು ಯಾರೂ ಕಣ್ಣೀರು ಹಾಕಬೇಡಿ. ಮಕ್ಕಳು ನಮ್ಮನ್ನು ಹೊರಗೆ ಹಾಕಲಿಲ್ಲ, ಇಲ್ಲೇ ಇರಿ ಎಂದು ಹೇಳಿ ಹೇಳಿ ಅವರ ಬಾಯಿ ನೋಯಿತು. ಹೊರಬೀಳಲು ಹಟ ಹಿಡಿದವರು ನಾವೇ. ಕಾರಣ ಹೊಸ್ತಿಲು.

ಆ ಮನೆಯಲ್ಲಿ ಹೊಸ್ತಿಲುಗಳು ಹತ್ತಿರ ಹತ್ತಿರ ಮೊಣಕಾಲೆತ್ತರ. ರಾತ್ರಿ ಬಂದ ಕಳ್ಳ ಎಡವಿ ಬೀಳಲೆಂದು ಹಿರಿಯರು ಹಾಗೆ ಮಾಡಿಸಿದ್ದಂತೆ. ಕಳ್ಳರು ಯಾರೂ ಬಿದ್ದ ನೆನಪಿಲ್ಲ, ಸೊಸೆಯಂದಿರೆಲ್ಲ ಬಿದ್ದರು. ನಾನು ಮದುವೆಯಾಗಿ ಬಂದ ದಿನ ತಲೆಬಾಗಿಲ ಹೊಸ್ತಿಲ ಮೇಲೆ ಜೋಳ ತುಂಬಿದ ಸೇರು ಇಟ್ಟು, ಬಲಗಾಲಿನಿಂದ ಒದ್ದು ಒಳಗೆ ಬಾ ಎಂದರು. ಕಾನ್ವೆಂಟಿನಲ್ಲಿ ನಾನು ಹಾಕಿ ಆಟದ ಟೀಮಿನಲ್ಲಿದ್ದವಳು. ಮೆತ್ತಗೆ ಉರುಳಿಸಬೇಕು ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ಸೇರು ಹಾರಿ ಹೋಗಿ ಅತ್ತೆಯವರ ಮೊಣಕಾಲಿಗೆ ಬಡಿಯಿತು, ಜೋಳ ಪಡಸಾಲೆಯನ್ನೆಲ್ಲ ದಾಟಿ ದೇವರ ಮನೆ ಮುಟ್ಟಿತು. ಲಕ್ಷ್ಮಿ ಭಾಳ ಜೋರಿನಿಂದ ಬಂದಾಳ ಎಂದು ಮಾವನವರು ಮೀಸೆಯಲ್ಲೇ ನಕ್ಕರು. ಅತ್ತೆಯವರು ನಗಲು ಕೆಲವು ವರ್ಷ ಹಿಡಿಯಿತು.

ಆ ಹೊಸ್ತಿಲುಗಳ ಮೇಲೆ ಕೂರಬಾರದು, ನಿಲ್ಲಬಾರದು, ಸೀನಬಾರದು, ಅದರ ಆಚೆ ನಿಂತವರಿಗೆ ಈಚೆಯಿಂದ ಏನನ್ನೂ ಕೊಡಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ತುಳಿಯಬಾರದು. ಮುಂಜಾನೆ ಎದ್ದು ತೊಳೆದು, ಅರಿಷಿಣ ಬಳಿದು, ಕುಂಕುಮದ ಬೊಟ್ಟಿಟ್ಟು ದಾಟಬೇಕು. ನನ್ನ ನೆಗೆಣ್ಣಿ ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದವಳು. ಹಿತ್ತಲ ಬಾಗಿಲಲ್ಲಿ, ತಾನೇ ಆಗತಾನೆ ತೊಳೆದ ಹೊಸ್ತಿಲನ್ನು ದಾಟುವಾಗ ಸೀರೆಯ ನಿರಿಗೆ ಸಿಕ್ಕಿ ಬಿದ್ದಳು. ಚಪ್ಪೆಯ, ಎಂದರೆ ಸೊಂಟದ ಕೆಳಗಿನ ಎಲುಬು ಮುರಿಯಿತು. ಮಿರಜದಲ್ಲಿ ಆಪರೇಶನ್ ಆಯಿತು, ರಾಡ್ ಕೂತಿತು, ಕಾಲು ಮಾತ್ರ ಮತ್ತೆ ಮಾತು ಕೇಳಲಿಲ್ಲ. ಗಾಲಿಕುರ್ಚಿ ಮನೆಗೆ ಬಂತು. ಅಷ್ಟು ವರ್ಷ ಪೂಜೆ ತಿಂದು ಕೊನೆಗೆ ನನ್ನ ಕಾಲನ್ನೂ ತಿಂದಿತು ಎಂದು ಅವಳು ಆ ಕಲ್ಲಿಗೆ ಬೈಯುವುದನ್ನು ಕೇಳಿದರೆ ದೇವರಿಗೂ ನಾಚಿಕೆಯಾಗಬೇಕಿತ್ತು. ನಾನು ಅರ್ಧ ಕಿವಿ ಮುಚ್ಚಿಕೊಂಡು ಅರ್ಧ ಕಲಿತುಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ ಅಂಥ ಶಬ್ದಗಳ ಬಡತನ ಬಹಳ.

ಕುರ್ಚಿ ಬಂದರೇನು, ಹೊಸ್ತಿಲು ದಾಟಬೇಕಲ್ಲ. ಹೊರಗಿನ ಕಟ್ಟೆಗೆ ಬಂದು ಎಳೆಬಿಸಿಲಿಗೆ ಕೂರಬೇಕೆಂದರೂ ಇಬ್ಬರು ಬೇಕು. ಅಂಗಡಿಯ ಆಳುಗಳನ್ನು ಕೂಗಿ ಕರೆದರೆ, ಅವರು ಜೋಳದ ಚೀಲ ಇಳಿಸಿದ ಧೂಳು ಕೈಯಲ್ಲೇ ಎತ್ತಿ ದಾಟಿಸುತ್ತಿದ್ದರು. ಅವಳು ಪಲ್ಲಕ್ಕಿಯಲ್ಲಿ ಕೂತ ದೇವರ ಹಾಗೆ ಮುಖ ಗಂಟಿಕ್ಕಿ ಕೂರುತ್ತಿದ್ದಳು. ಒಂದು ದಿನ ಆಳುಗಳು ಊಟಕ್ಕೆ ಹೋದರೆಂದು ಅವಳು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೇ ಕೂತಿರಬೇಕಾಯಿತು. ನಾನು ಒಬ್ಬಳೇ ಎತ್ತಲಾರೆ. ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಆಗ ಅವಳು ಬೈಯಲಿಲ್ಲ. ಮೆಲ್ಲಗೆ ಹೇಳಿದಳು:

“ಅಕ್ಕಾ, ಸಾಯೂದ್ರೊಳಗ ಒಮ್ಮೆ ನನ್ನ ಕೈಲೆ ನಾ ಬಾಗಲಾ ದಾಟಬೇಕ ನೋಡು. ಯಾರೂ ಮುಟ್ಟಬಾರದು. ನೀನೂ.”

ಹೊಸ ಮನೆ ಹುಟ್ಟಿದ್ದು ಆ ಮಾತಿನಿಂದ. ಸನಮಡಿಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ತುಂಡು ಜಾಗ ಇತ್ತು, ಕಲ್ಲು, ಜಾಲಿ, ಪಕ್ಕದಲ್ಲಿ ಕುರಿಯವರ ಹೊಲ. ನನ್ನ ಕಣ್ಣ ಮುಂದೆ ಇದ್ದದ್ದು ಕಾನ್ವೆಂಟಿನ ಕಾರಿಡಾರು. ಕೆಂಪು ನೆಲ, ಮೇಣ ಹಚ್ಚಿ ಕನ್ನಡಿಯಾದದ್ದು, ಒಂದು ತುದಿಯಿಂದ ಇನ್ನೊಂದು ತುದಿಗೆ ತಡೆಯೇ ಇಲ್ಲ. ಸಿಸ್ಟರ್‌ಗಳು ಪ್ರಾರ್ಥನೆಗೆ ಹೋದಾಗ ಬೂಟು ಬಿಚ್ಚಿ ಸಾಕ್ಸಿನ ಮೇಲೆ ಜಾರಿಕೊಂಡು ಹೋಗುತ್ತಿದ್ದೆವು, ಜಡೆ ಹಿಂದೆ ಹಾರುತ್ತಿತ್ತು. ಅಷ್ಟು ಹಗುರಾಗಿ ನಾನು ಆಮೇಲೆ ಎಲ್ಲಿಯೂ ಹೋಗಿಲ್ಲ. ಮನೆ ಹಾಗೆ ಇರಬೇಕು ಎಂದು ಠೇಕೇದಾರನಿಗೆ ಹೇಳಿದೆ. ರಸ್ತೆಯಿಂದ ಇಳಿಜಾರು, ಇಳಿಜಾರಿನಿಂದ ಕಟ್ಟೆ, ಕಟ್ಟೆಯಿಂದ ಪಡಸಾಲೆ, ಅಡುಗೆಮನೆ, ಬಚ್ಚಲು, ಎಲ್ಲ ಒಂದೇ ಸಮ. ಹೊಸ್ತಿಲು ಒಂದೂ ಕೂಡದು. ಅವನು ಎಲ್ಲದಕ್ಕೂ ತಲೆಯಾಡಿಸಿದ. ತಲೆಯಾಡಿಸುವುದು ಅವನ ನಾಲ್ಕನೆಯ ಭಾಷೆ ಎಂದು ನನಗೆ ತಿಳಿದದ್ದು ತಡವಾಗಿ.

ತಕರಾರು ತೆಗೆದವನು ಗೋಡೆ ಕಟ್ಟುವ ಗೌಂಡಿ. ಉಟಗಿಯವನು, ಕೆಲಸದಲ್ಲಿ ಚಲೋ, ಮಾತಿನಲ್ಲಿ ಜಿಪುಣ, ಗೋಡೆಗೆ ತೂಗುಗುಂಡು ಇಳಿಬಿಟ್ಟು ನೋಡುವಾಗ ಒಂದು ಕಣ್ಣು ಮುಚ್ಚಿ ಮುಚ್ಚಿ ಆ ಕಡೆಯ ಮುಖವೇ ಸಣ್ಣದಾಗಿತ್ತು. ಬಡಿಗ ತಲೆಬಾಗಿಲ ಚೌಕಟ್ಟನ್ನು ನಾನು ಹೇಳಿದಂತೆ ಮೂರು ಕಟ್ಟಿಗೆಯಲ್ಲಿ, ಕೆಳಗಿನ ಪಟ್ಟಿ ಇಲ್ಲದೆ ಮಾಡಿ ತಂದಾಗ ಗೌಂಡಿ ಅದನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡಿದ. ಮೂರು ಅನ್ನುವ ಅಂಕಿಯೇ ಕೆಟ್ಟದ್ದು, ತೀನ್ ತಿಗಾಡಾ ಕಾಮ್ ಬಿಗಾಡಾ ಎಂದು ಠೇಕೇದಾರ ಪಕ್ಕದಿಂದ ಪದ ಹಾಡಿದ. ಗೌಂಡಿ ಹೇಳಿದ್ದು ಇಷ್ಟೇ:

“ಆಯಿ, ನಾ ಕಟ್ಟಿದ್ದರೊಳಗ ಹೊಸ್ತಿಲಾ ಇಲ್ಲದ್ದು ಅಂದ್ರ ದನದ ಕೊಟ್ಟಗಿ ಒಂದರಿ.”

ನಾನು ಬಾಯಿ ತೆರೆಯುವ ಮೊದಲೇ ನೆಗೆಣ್ಣಿ ಕುರ್ಚಿಯಿಂದ ಉತ್ತರ ಕೊಟ್ಟಳು. “ಹಂಗಾರ ಕೊಟ್ಟಗಿ ಅಂತನ ತಿಳಕೊಂಡ ಕಟ್ಟೋ ತಮ್ಮಾ. ಎರಡ ಮುದಿ ಎಮ್ಮಿ ನಾವು. ಹಾಲ ಹಿಂಡೂದಿಲ್ಲ, ಹಾಯೂದು ಅಷ್ಟ.”

ಬುಟ್ಟಿ ಹೊರುವ ಸನಮಡಿಯ ಹೆಣ್ಣಾಳುಗಳು ಸೆರಗು ಬಾಯಿಗೆ ಹಿಡಿದು ನಕ್ಕರು. ಗೌಂಡಿ ನಗಲಿಲ್ಲ. ಆದರೂ ಚೌಕಟ್ಟು ಒಯ್ದು ಒಳಗಿಟ್ಟ. ಮಾತು ಮುಗಿಯಿತು ಎಂದುಕೊಂಡೆ.

ಆಮೇಲಿನ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಬಿಸಿಲು ತಲೆಗೆ ಏರುತ್ತದೆ. ಮನೆ ಕಟ್ಟುವುದೆಂದರೆ ಸಿಮೆಂಟು, ಇಟ್ಟಿಗೆಗಳ ಕೆಲಸ ಎಂದು ತಿಳಿದಿದ್ದೆ. ಅದು ಮನುಷ್ಯರನ್ನು ಹುಡುಕುವ ಕೆಲಸ. ಠೇಕೇದಾರ ಒಂದೇ ಹೊತ್ತಿಗೆ ನಾಲ್ಕೂರಲ್ಲಿ ಮನೆ ಹಿಡಿದಿದ್ದ. ಯಳವಿಯಲ್ಲಿ ಹುಡುಕಿದರೆ ಈಗಷ್ಟೇ ನಿಮ್ಮಲ್ಲಿಗೆ ಹೋದ ಅನ್ನುವರು. ನಮ್ಮಲ್ಲಿಗೆ ಬಂದವನು ನಮ್ಮ ಸೆಂಟ್ರಿಂಗ್ ಹಲಗೆಗಳನ್ನು ಹೊತ್ತುಕೊಂಡು ಯಳವಿಗೆ ಹೋಗುವನು. ಅಮಾವಾಸ್ಯೆಗೆ ಗೌಂಡಿ ಕರಣೆ ಮುಟ್ಟುವುದಿಲ್ಲ. ಅಮಾವಾಸ್ಯೆಯ ಮರುದಿನ ಮೈ ಭಾರ. ಸಂತೆಯ ದಿನ ಸಂತೆ. ಕಾಲಮ್ಮಿನ ಕಂಬಗಳು ನೀರು ಕುಡಿಯಲೆಂದು ಸುತ್ತಿದ ಗೋಣಿತಟ್ಟನ್ನು ಕುರಿಯವರ ಹಿಂಡಿನ ಆಡುಗಳು ತಿಂದು ಹೋದವು. ನಾನು ಕುರಿಯವನ ಹತ್ತಿರ ಹೋಗಿ ನಿನ್ನ ಆಡು ನಮ್ಮ ಕ್ಯೂರಿಂಗ್ ತಿಂದಿದೆ ಅಂದೆ. ಅವನು ಬಹಳ ಗಾಬರಿಯಾಗಿ, ಅದು ಹೊಟ್ಟೆಗೆ ಏನಾದರೂ ಮಾಡುತ್ತದೆಯೇ ಎಂದು ಕೇಳಿದ.

ನಾನು ದಿನಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಗೆ ಗಂಡನ ಹಳೇ ಸೋಲಾ ಹ್ಯಾಟು ಇಟ್ಟುಕೊಂಡು ಸುಪರ್ವೈಸ್ ಮಾಡುತ್ತಿದ್ದೆ. ಪಕ್ಕದಲ್ಲಿ ನೆಗೆಣ್ಣಿ. ನಾನು ಇಂಗ್ಲಿಷಿನಲ್ಲಿ ಪ್ಲೀಸ್ ಅನ್ನುತ್ತಿದ್ದೆ, ಅವಳು ಕನ್ನಡದಲ್ಲಿ ಅವರ ಮುತ್ತಜ್ಜನವರೆಗೆ ಹೋಗುತ್ತಿದ್ದಳು. ಅವಳ ಮಾತಿಗೆ ಕೆಲಸ ಆಗುತ್ತಿತ್ತು. ಹೆಣ್ಣಾಳುಗಳಿಗೆ ಅವಳೆಂದರೆ ಜೀವ. ಬುತ್ತಿ ಬಿಚ್ಚಿದಾಗ ಅವಳ ಕುರ್ಚಿಯ ಸುತ್ತ ಕೂತು ಕಾರಬ್ಯಾಳಿ, ಶೇಂಗಾ ಹಿಂಡಿ ಹಂಚಿಕೊಳ್ಳುತ್ತಿದ್ದರು, ತಮ್ಮ ತಮ್ಮ ಅತ್ತೆಯರನ್ನು ಬೈಸಲು ಅವಳ ಮುಂದೆ ತಂದು ಹಾಕುತ್ತಿದ್ದರು. ನನಗೂ ಕೊಡುತ್ತಿದ್ದರು, ಆದರೆ ತಟ್ಟೆಯಲ್ಲಿ ಹಾಕಿ.

ತಲೆಬಾಗಿಲ ಚೌಕಟ್ಟು ನಿಲ್ಲಿಸುವುದಕ್ಕೆ ಠೇಕೇದಾರ ಒಂದು ಮುಹೂರ್ತ ಹಿಡಿದ. ನಮಗೆ ಅದೇ ದಿನ ಮಿರಜದಲ್ಲಿ ಡಾಕ್ಟರ ತಪಾಸಣೆ ಇತ್ತು. ಮುಹೂರ್ತ ಮುಂದೂಡು ಅಂದರೆ ಅವನು ದಿಗಿಲುಬಿದ್ದ, ಡಾಕ್ಟರನ್ನು ಮುಂದೂಡುವುದು ನಮಗೆ ಆಗದು. ನೀವು ನಿಶ್ಚಿಂತೆಯಿಂದ ಹೋಗಿ ಬರ್ರಿ, ಎಲ್ಲ ಮಾಡಿಡುತ್ತೇವೆ ಎಂದ, ಕನ್ನಡದಲ್ಲಿ. ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಮೊಬೈಲಿಗೆ ಫೋಟೋ ಬಂತು. ಮಾವಿನ ತೋರಣ ಕಟ್ಟಿದ ಚೌಕಟ್ಟಿನ ಮೇಲ್ಭಾಗ, ಅದರ ಕೆಳಗೆ ಮೆಸೇಜಿನಲ್ಲಿ ಕೈಮುಗಿದ ಹಳದಿ ಕೈಗಳ ಚಿತ್ರಗಳು. ನೆಗೆಣ್ಣಿಗೆ ತೋರಿಸಿದೆ. ಫೋಟೋವನ್ನು ಬೆರಳಿನಿಂದ ಮೇಲೆ ಕೆಳಗೆ ಎಳೆದು, ಕೆಳಗಿನದು ಎಲ್ಲಿ ಅಂದಳು. ಕ್ಯಾಮರಾದಲ್ಲಿ ಅಷ್ಟೇ ಹಿಡಿಸಿರಬೇಕು ಅಂದೆ.

ಸಂಜೆಯ ಮುಂಚೆ ಬಾಡಿಗೆ ಕಾರಿನಲ್ಲಿ ನೇರ ಅಲ್ಲಿಗೇ ಹೋದೆವು. ಇಳಿಜಾರು ಅಷ್ಟರಲ್ಲಿ ತಯಾರಾಗಿತ್ತು, ನೆಗೆಣ್ಣಿ ಅದನ್ನು ಎಲ್ಲಕ್ಕಿಂತ ಮೊದಲು ಮಾಡಿಸಿದ್ದಳು. ಒಳಗೆ ನೆಲಕ್ಕೆ ಜಲ್ಲಿಯ ಖಡಿ ಹಾಕಿ ಬಡಿದು ಬಿಟ್ಟಿದ್ದರು, ಫರ್ಶಿ ಬಾಕಿ. ನಾನು ಕುರ್ಚಿಯನ್ನು ಕಟ್ಟೆಯವರೆಗೆ ತಳ್ಳಿದೆ. ಇನ್ನು ಬಿಡು ಅಂದಳು. ಬಿಟ್ಟೆ. ತಾನೇ ಗಾಲಿ ತಿರುವುತ್ತ ಬಾಗಿಲಿಗೆ ಹೋದಳು. ಠಕ್ ಎಂದು ಗಾಲಿ ನಿಂತಿತು.

ಕರೀಕಲ್ಲಿನ ಹೊಸ್ತಿಲು. ನಾಲ್ಕು ಬೆರಳು ಎತ್ತರ, ನಯವಾಗಿ ಕೆತ್ತಿದ್ದು, ಮೇಲ್ಮೈಯ ನಡುವೆ ಒಂದು ಕಮಲ, ಎರಡೂ ತುದಿಗೆ ಶಂಖ. ಮೈತುಂಬ ಅರಿಷಿಣ, ಐದು ಕುಂಕುಮದ ಬೊಟ್ಟು, ಹೂವು, ಒಡೆದ ತೆಂಗಿನಕಾಯಿ. ಅದರ ಹಿಂದೆ ಗೌಂಡಿ, ಹೆಣ್ಣಾಳುಗಳು, ಠೇಕೇದಾರ, ಎಲ್ಲರೂ ಮದುವೆಮನೆಯವರ ಹಾಗೆ ಸಾಲಾಗಿ ನಿಂತು ನಮ್ಮ ಮುಖ ನೋಡುತ್ತಿದ್ದರು.

ಹೌ ಡೇರ್ ಯು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೌಂಡಿ ಎರಡು ಹೆಜ್ಜೆ ಮುಂದೆ ಬಂದ.

“ಈ ಕಲ್ಲ ನನ್ನ ಮನಿ ಸಲುವಾಗಿ ತಗದ ಇಟ್ಟಿದ್ದರಿ ಆಯಿ. ನಂದು ಇನ್ನ ಯಾವಾಗ ಆಗತೈತೋ. ನಿಮ್ಮ ಮನ್ಯಾಗ ಗಂಡ ದಿಕ್ಕಿಲ್ಲ. ಬಾಗಲದಾಗ ಇದಾದರೂ ಇರಲಿ ಅಂತ ಕುಂದರ್ಸೀನಿ.”

ಹೆಣ್ಣಾಳುಗಳು ಹೂವು, ಕಾಯಿ ತಂದಿದ್ದರಂತೆ. ಹೊಸ್ತಿಲ ಕೆಳಗೆ ನವಧಾನ್ಯ ಹಾಕುವಾಗ ಒಬ್ಬಾಕೆ ತನ್ನ ಮೂಗಿನ ಮುರಿದ ನತ್ತಿನ ಬಂಗಾರದ ತುಣುಕನ್ನೂ ಹಾಕಿದ್ದಳಂತೆ. ಇಬ್ಬರೇ ಆಯಿಯರು ಇರುವ ಮನೆ, ಕೆಟ್ಟದ್ದು ಒಳಗೆ ಬರುವುದನ್ನು ತಡೆಯಲು ಏನಾದರೂ ಬೇಡವೇ ಎಂದು. ಸುಳ್ಳಿಗೆ, ಸೋಮಾರಿತನಕ್ಕೆ, ಕಳ್ಳತನಕ್ಕೆ ಬೈಯಲು ನನಗೆ ಬರುತ್ತದೆ. ಪ್ರೀತಿಯಿಂದ ಕಾಲಿಗೆ ಅಡ್ಡ ಕಲ್ಲು ಹಾಕಿದವರಿಗೆ ಏನೆಂದು ಬೈಯುವುದು? ನೆಗೆಣ್ಣಿ ಗಾಲಿಯನ್ನು ಹಿಂದಕ್ಕೆ ತಿರುಗಿಸಿ, ರಸ್ತೆಗೆ ಮುಖ ಮಾಡಿ ಕೂತಳು. ಕಾರಿನಲ್ಲಿ ಒಂದು ಮಾತಾಡಲಿಲ್ಲ. ಅವಳು ಮೌನವಾಗಿದ್ದನ್ನು ನಾನು ಅದಕ್ಕೆ ಮೊದಲು ನೋಡಿದ್ದು ಅವಳಿಗೆ ಅನಸ್ತೀಶಿಯಾ ಕೊಟ್ಟಾಗ.

ಮರುದಿನ ನಾನು ಖಡಾಖಂಡಿತವಾಗಿ ಹೇಳಿದೆ: ತೆಗೆಯಿರಿ. ಗೌಂಡಿ ಕೈ ಹಿಂದೆ ಕಟ್ಟಿದ. ಪೂಜೆ ಆದ ಹೊಸ್ತಿಲನ್ನು ಕಿತ್ತರೆ ಆ ಮನೆ ಬಾಳುವುದಿಲ್ಲ. ನಾಳೆ ನಿಮಗೇನಾದರೂ ಆದರೆ ಊರ ಮಂದಿ ನನ್ನನ್ನು ಅನ್ನುತ್ತಾರೆ. ನಮಗೆ ಏನಾದರೂ ಆಗುವುದು ನಿಶ್ಚಿತ ತಮ್ಮಾ, ವಯಸ್ಸು ನೋಡು ಅಂದೆ. ಅದಕ್ಕೇ ಅಂತೀನ್ರಿ ಅಂದ. ಠೇಕೇದಾರ ಬೇರೆ ಗೌಂಡಿಯನ್ನು ಕರೆತಂದ. ಅವನು ಕುಂಕುಮ ಕಂಡವನೇ ಕೈಮುಗಿದು, ಪ್ರಸಾದದ ಕೊಬ್ಬರಿ ಉಳಿದಿದ್ದರೆ ಕೊಡಿ ಎಂದು ಕೇಳಿ ತಿಂದುಕೊಂಡು ಹೋದ. ಕಲ್ಲು ಒಡೆಯುವ ಬ್ರೇಕರ್ ಮಶೀನಿನ ಸಾಹೇಬರನ್ನು ನಾನೇ ಕರೆಸಿದೆ, ಮಸೀದಿಗೆ ಹೋಗುವವರಿಗೆ ಈ ರಗಳೆ ಇರಲಿಕ್ಕಿಲ್ಲ ಎಂಬ ಆಸೆಯಿಂದ. ಅವರು ಮಶೀನು ಇಳಿಸಲೂ ಇಲ್ಲ. ಯಾರದೇ ಇರಲಿ, ದುವಾ ಮಾಡಿ ಕೂರಿಸಿದ್ದಕ್ಕೆ ನಾನು ಕೈ ಹಚ್ಚುವುದಿಲ್ಲ ಮೌಶಿ ಅಂದರು. ಜತ್ತ ತಾಲೂಕಿನಲ್ಲಿ ಎಲ್ಲ ಜಾತಿ ಮತದವರು ಒಂದಾಗಬೇಕೆಂದು ಭಾಷಣ ಕೇಳಿ ಕೇಳಿ ನನಗೆ ಸಾಕಾಗಿತ್ತು. ಕೊನೆಗೆ ಒಂದಾದರು, ನನ್ನ ವಿರುದ್ಧ.

ಆಗ ನಾನು ಮಾಡಿದ್ದನ್ನು ಹೇಳಿದರೆ ನಗುತ್ತೀರಿ. ಎಲ್ಲರೂ ಊಟಕ್ಕೆ ಕೂತಾಗ ಉಳಿ, ಸುತ್ತಿಗೆ ತೆಗೆದುಕೊಂಡು ಹೋಗಿ, ಹ್ಯಾಟು ಸರಿಮಾಡಿಕೊಂಡು, ಹೊಸ್ತಿಲ ಮುಂದೆ ಕೂತೆ. ಕಮಲಕ್ಕೆ ಏಟು ಹಾಕಲು ಮನಸ್ಸಾಗಲಿಲ್ಲ. ಶಂಖದ ಕಡೆಯಿಂದ ಶುರುಮಾಡಿದೆ. ಮೂರನೆಯ ಏಟು ಹೆಬ್ಬೆರಳಿಗೆ ಬಿತ್ತು. ಹೆಣ್ಣಾಳುಗಳು ಓಡಿ ಬಂದು ಅರಿಷಿಣ ಹಚ್ಚಿದರು, ಹೊಸ್ತಿಲ ಮೇಲಿನದೇ. ಕಲ್ಲಿಗೆ ಗೀರೂ ಬಿದ್ದಿರಲಿಲ್ಲ. ನೋಡಿದಿರಾ ಆಯಿ, ಇದರ ಶಕ್ತಿ ಎಂಬಂತೆ ಎಲ್ಲರೂ ನನ್ನನ್ನು ನೋಡಿದರು. ಆ ನೋಟಕ್ಕಿಂತ ಬೆರಳು ಕಡಿಮೆ ನೋಯುತ್ತಿತ್ತು.

ನೆಗೆಣ್ಣಿ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಗೌಂಡಿಯನ್ನು ಕರೆದಳು. ಬೈಗುಳಕ್ಕೆ ತಯಾರಾಗಿ ಬಂದ.

“ಕೀಳೂದ ಬ್ಯಾಡ. ನಿನ್ನ ಕಲ್ಲ ಎಲ್ಲಿ ಅದ, ಅಲ್ಲೇ ಕುಂದರ್ಲಿ. ನೆಲಾ ಎತ್ತರಸು. ಒಳಗಿಂದೂ, ಹೊರಗಿಂದೂ. ಕಲ್ಲ ಎಷ್ಟ ಎತ್ತರ ಅದ, ಅಷ್ಟ.”

ಗೌಂಡಿ ಒಂದು ಕಣ್ಣು ಮುಚ್ಚಿ ಬಾಗಿಲನ್ನು ನೋಡಿದ. ಎರಡೂ ತೆರೆದು ಅವಳನ್ನು ನೋಡಿದ. ಠೇಕೇದಾರ ಓಡಿ ಬಂದು ಆಗುವುದಿಲ್ಲ ಎಂದು ಮೂರೂ ಭಾಷೆಗಳಲ್ಲಿ ಹೇಳಿದ. ಒಳಬಾಗಿಲುಗಳೆಲ್ಲ ಗಿಡ್ಡಾಗುತ್ತವೆ, ಅಡುಗೆಕಟ್ಟೆ ತಗ್ಗಾಗುತ್ತದೆ, ಲೈಟಿನ ಬಟನ್ನುಗಳು ಕೆಳಗೆ ಬರುತ್ತವೆ, ಇಳಿಜಾರು ಮತ್ತೆ ಮಾಡಬೇಕು. ಆ ದಿನ ಅವನು ಹೇಳಿದ್ದೆಲ್ಲ ನಿಜ. ಅಭ್ಯಾಸವಿಲ್ಲದ್ದರಿಂದ ಅವನಿಗೇ ಮುಜುಗರವಾದಂತಿತ್ತು. ಗಿಡ್ಡ ಆಗಲಿ, ನಾ ಏನು ಎದ್ದು ನಿಲ್ಲುವವಳಿದ್ದೇನೆಯೇ ಎಂದು ನೆಗೆಣ್ಣಿ ಕೇಳಿದಳು. ಅವನು ತನ್ನ ನಾಲ್ಕನೆಯ ಭಾಷೆಗೆ ಹೊರಳಿ ತಲೆಯಾಡಿಸಿದ.

ನಾಲ್ಕು ಬೆರಳು ಮುರುಮಿನ ಮಣ್ಣು, ಖಡಿ, ಕಾಂಕ್ರೀಟು ಒಳಗೆ ಬಿತ್ತು. ಫರ್ಶಿ ಬಂತು. ಕಟ್ಟೆ ಏರಿತು, ಇಳಿಜಾರು ಉದ್ದವಾಯಿತು. ಠೇಕೇದಾರ ಎತ್ತರದ ಆಳು, ಅಡುಗೆಮನೆಗೆ ಬರುವಾಗ ತಲೆ ತಗ್ಗಿಸಬೇಕಾಯಿತು. ನಮ್ಮ ಮುಂದೆ ಅವನು ತಲೆ ತಗ್ಗಿಸಿದ್ದು ಅಲ್ಲಿ ಮಾತ್ರ. ಅಡುಗೆಕಟ್ಟೆ ನನ್ನ ತೊಡೆಯ ಮಟ್ಟಕ್ಕೆ ಇಳಿದು ನನ್ನ ಬೆನ್ನಿಗೆ ಶಿಕ್ಷೆಯಾಯಿತು. ಹೊಸ್ತಿಲು ನೆಲದೊಳಗೆ ಮಲಗಿತು, ಕಮಲ, ಶಂಖ ಆಕಾಶ ನೋಡುತ್ತ, ಫರ್ಶಿಯ ಜೊತೆ ಕೂದಲೆಳೆಯಷ್ಟೂ ಏರುಪೇರಿಲ್ಲದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಹೊಸ ಸಂಕಟ. ಹೊಸ್ತಿಲನ್ನು ತುಳಿಯಬಾರದಲ್ಲ. ಹೆಣ್ಣಾಳುಗಳು ಬುಟ್ಟಿ ಹೊತ್ತು ಬಂದವರು, ಸಪಾಟು ನೆಲದ ನಡುವೆ ಥಟ್ಟನೆ ಕಾಲೆತ್ತಿ, ಏನೂ ಇಲ್ಲದ್ದನ್ನು ದಾಟಿ ಒಳಗೆ ಹೋಗತೊಡಗಿದರು. ಠೇಕೇದಾರನೂ ಹಾಗೆಯೇ, ಫೋನಿನಲ್ಲಿ ಸುಳ್ಳು ಹೇಳುತ್ತಲೇ ಕಾಲೆತ್ತಿದ. ಟೈಲ್ಸಿನವನು, ಲೈಟಿನವನು, ಟ್ಯಾಂಕರಿನವನು, ಎಲ್ಲರೂ ಬಾಗಿಲಿಗೆ ಬಂದೊಡನೆ ಕೆಸರಿಗೆ ಇಳಿದ ಕೊಕ್ಕರೆಗಳಾಗುತ್ತಿದ್ದರು. ಕಾನ್ವೆಂಟಿನವಳಾದ ನಾನು ಇದನ್ನೆಲ್ಲ ನೋಡಿ ನಕ್ಕು ನಕ್ಕು ಒಳಗೆ ಹೋದೆ. ಹೋದ ಮೇಲೆ ನೋಡಿಕೊಂಡರೆ ನನ್ನ ಸೀರೆಯ ನಿರಿಗೆ ನನ್ನ ಕೈಯಲ್ಲೇ ಇತ್ತು, ನಾನೂ ಎತ್ತಿದ್ದೆ.

ಗೌಂಡಿಗೆ ಮಾತ್ರ ನಗು ಇರಲಿಲ್ಲ. ಕಾಲಿರುವವರು ದಾಟುತ್ತಾರೆ. ಕುರ್ಚಿ? ಅದು ಕಮಲದ ಮೇಲೆ ಹಾಯ್ದೇ ಹೋಗಬೇಕು. ತಾನು ಕೂರಿಸಿದ ಲಕ್ಷ್ಮಿಯ ಮೇಲೆ ಗಾಲಿ ಹರಿಯುವುದನ್ನು ಹೇಗೆ ನೋಡಲಿ ಎಂಬುದು ಅವನ ಮುಖದ ಮೇಲೆಯೇ ಬರೆದಿತ್ತು. ಹಲಗೆ ಹಾಕಿ ದಾಟಿಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದ. ಹಲಗೆ ಹಾಕಲು ಮತ್ತೊಬ್ಬರು ಬೇಕು. ಅದನ್ನು ಅವನಿಗೆ ಹೇಗೆ ತಿಳಿಸುವುದೆಂದು ನಾನು ಶಬ್ದ ಹುಡುಕುತ್ತಿದ್ದೆ. ನೆಗೆಣ್ಣಿ ಪಡಸಾಲೆಯ ನಡುವೆ ಕೂತಿದ್ದಳು, ಕುರ್ಚಿಯನ್ನು ಆಗಷ್ಟೇ ಹಿತ್ತಲ ಬಾಗಿಲಿನಿಂದ ಒಳಗೆ ತಂದಿದ್ದೆವು, ಮುಖ ತಲೆಬಾಗಿಲಿಗೆ.

“ಇಲ್ಲಿ ಬಾರೋ,” ಅಂದಳು. “ಹೊಸ್ತಿಲಾ ತುಳೀಬಾರದು. ಖರೆ. ತುಳಿಯೂದು ಕಾಲು. ನನ್ನ ಕಾಲ ಎಲ್ಲಿ ಅದಾವ ನೋಡು.”

ಗೌಂಡಿ ನೋಡಿದ. ಎರಡೂ ಪಾದಗಳು ಕುರ್ಚಿಯ ಪಟ್ಟಿಯ ಮೇಲೆ, ನೆಲದಿಂದ ಒಂದು ಗೇಣು ಮೇಲೆ, ಹತ್ತಿಯ ಸಾಕ್ಸು ಹಾಕಿಕೊಂಡು ಸುಮ್ಮನೆ ಕೂತಿದ್ದವು.

“ನಿನ್ನ ಲಕ್ಷ್ಮೀನ ನಾ ಎಂದೂ ತುಳಿಯಾಂಗಿಲ್ಲ. ಈ ಊರಾಗ ತುಳಿಯದಾಕಿ ಅಂದ್ರ ನಾನ ಒಬ್ಬಾಕಿ. ಗಾಲಿಗೆ ಪಾಪ ಹತ್ತೂದಿದ್ರ ಉಟಗಿ ಬಸ್ಸ ಯಾವಾಗೋ ನರಕ ಮುಟ್ಟಿರತಿತ್ತು.”

ಗೌಂಡಿ ಬಾಗಿ, ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ, ಹೊಸ್ತಿಲ ಮೇಲಿನ ಸಿಮೆಂಟಿನ ಧೂಳನ್ನು ಒರೆಸಿದ. ಕಮಲದ ಎಸಳುಗಳೊಳಗೆಲ್ಲ ಬೆರಳು ಹಾಕಿ ಒರೆಸಿದ. ಎದ್ದು ಬಾಗಿಲ ಪಕ್ಕಕ್ಕೆ ಸರಿದು ನಿಂತ. ಕೈಯಿಂದ ರಸ್ತೆಯ ಕಡೆ ತೋರಿಸಿದ.

ನನ್ನ ಕೈಗಳು ತಾವಾಗಿಯೇ ಹೋಗಿ ಕುರ್ಚಿಯ ಹಿಡಿಕೆಗಳನ್ನು ಹಿಡಿದವು.

“ಕೈ ತಗಿ ಅಕ್ಕಾ.”

ತೆಗೆದೆ. ಅವಳು ಗಾಲಿಗಳನ್ನು ತಿರುವಿದಳು. ಕಲ್ಲಿನ ಮೇಲೆ ಹಾಯ್ದಾಗ ಸಪ್ಪಳವೇ ಆಗಲಿಲ್ಲ. ಕಟ್ಟೆಯ ಮೇಲೆ ನಿಲ್ಲುತ್ತಾಳೆ ಎಂದುಕೊಂಡೆ, ನಿಲ್ಲಲಿಲ್ಲ. ಇಳಿಜಾರಿನಲ್ಲಿ ಗಾಲಿಯನ್ನು ಅಂಗೈಯಿಂದ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿದಳು. ರಸ್ತೆಯಲ್ಲಿ ಒಂದು ಜೀಪು ಹಾರ್ನ್ ಹೊಡೆದು ನಿಂತಿತು. ಅದರವನಿಗೆ ಏನೋ ಅಂದಳು, ಕೇಳಿಸಲಿಲ್ಲ, ಅವನು ಹಾರ್ನ್ ನಿಲ್ಲಿಸಿದ್ದರಿಂದ ಏನೆಂದು ಊಹಿಸಿದೆ. ದಾಟಿ ಚಹಾದಂಗಡಿಯ ತಗಡಿನ ನೆರಳಿಗೆ ಹೋದಳು. ಚಹಾಕ್ಕೆ ಕೂತಿದ್ದ ಹೆಣ್ಣಾಳುಗಳು ಸರಿದು ಜಾಗ ಮಾಡಿದರು.

ನಾನು ಕಟ್ಟೆಯವರೆಗೆ ಬಂದು, ನಾನೂ ಬರಲೇ ಎಂದು ಕೂಗಿ ಕೇಳಿದೆ. ಬೇಡ, ಬರ್ತೀನಿ ತಡಿ ಎಂದು ಅಲ್ಲಿಂದಲೇ ಕೈ ಬೀಸಿದಳು.

ಎಷ್ಟು ವರ್ಷ ಆ ಕುರ್ಚಿಯ ಹಿಂದೆ ನಿಂತಿದ್ದೆನೋ, ನನಗೆ ನನ್ನ ಕೈಗಳನ್ನು ಎಲ್ಲಿಡಬೇಕೆಂದು ತೋಚಲಿಲ್ಲ. ಸೆರಗು ಸರಿಮಾಡಿಕೊಂಡೆ, ಸರಿಯಾಗಿಯೇ ಇತ್ತು. ಅವಳು ಬಟ್ಟಲು ಬಾಯಿಗೆ ಇಟ್ಟು, ಮುಖ ಕಿವುಚಿ, ಅಂಗಡಿಯವನಿಗೆ ಸಕ್ಕರೆಯ ಬಗ್ಗೆ ಪಾಠ ಹೇಳುತ್ತಿದ್ದಳು. ಅವನು ಮತ್ತೊಂದು ಮಾಡಿಕೊಟ್ಟ. ಅದನ್ನೂ ಅವಸರವಿಲ್ಲದೆ ಕುಡಿದಳು. ಒಬ್ಬಾಕೆ ತನ್ನ ಅತ್ತೆಯ ಸುದ್ದಿ ತೆಗೆದಿರಬೇಕು, ನಗು ರಸ್ತೆ ದಾಟಿ ಬಂತು.

ಬಿಸಿಲು ಕಟ್ಟೆಯ ಅರ್ಧಕ್ಕೆ ಬಂದಿತ್ತು. ಗೌಂಡಿ ಒಳಗೆ ಹೋಗಿ ನನಗೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ನಾನು ಕೂತು ಕಾಯತೊಡಗಿದೆ. ಅವಳಿಗೆ ಬರುವ ಲಕ್ಷಣವೇ ಇರಲಿಲ್ಲ.